ಸರ್ಪಸುತ್ತು ಚರ್ಮದ್ದಲ್ಲ, ನರದ್ದು

ಭಾಗ 4 👇

"ಸರ್ಪದ ತಲೆ ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ಲ" ಅಂತ ನಿಮ್ಮ ಮನೇಲೂ ಯಾರಾದ್ರೂ ಹೇಳಿರ್ತಾರೆ. ಸಾಮಾನ್ಯವಾಗಿ ಅದು ಕೂಡೋದೇ ಇಲ್ಲ ಕಣ್ರೋ. ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು ನರ ಬೇರೆ ಬೇರೆಯಾಗಿ ಹೊರಡುತ್ತೆ. ಗುಳ್ಳೆಗಳು ಅದರಲ್ಲಿ ಒಂದರ ದಾರಿ ಹಿಡಿದು ಬಂದು, ಮೈಯ ನಡುಮಧ್ಯಕ್ಕೆ ನಿಂತುಬಿಡುತ್ತವೆ.

ಅಂದ್ರೆ ಹಾವು ಸುತ್ತಿಕೊಂಡಿರೋದು ಸೊಂಟಕ್ಕಲ್ಲ, ನರಕ್ಕೆ. ಚಿಕ್ಕಂದಿನಲ್ಲಿ "ಅಮ್ಮ" ಆಗಿ ಹೋಯ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿದ್ದು, ವಯಸ್ಸಾದಾಗಲೋ ಮೈಯ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಮತ್ತೆ ಎದ್ದು ಬರುತ್ತೆ.

ಗುಳ್ಳೆ 2ರಿಂದ 4 ವಾರದಲ್ಲಿ ತಾನಾಗೇ ಒಣಗುತ್ತೆ. ನರ ಹಾಗಲ್ಲ. ಕೆಲವರಿಗೆ ಕಲೆ ಮಾಸಿದ ಮೇಲೂ ತಿಂಗಳುಗಟ್ಟಲೆ ಉರಿ: ಅಂಗಿ ತಾಗಿದ್ರೂ ನೋವು, ಫ್ಯಾನಿನ ಗಾಳಿ ಬಿದ್ರೂ ನೋವು. ಇದು ಸ್ವಲ್ಪವಾದ್ರೂ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಉರಿಯೂತ ಪಕ್ಕದಲ್ಲೇ ಇರೋ, ಸ್ನಾಯು ಆಡಿಸೋ ನರಕ್ಕೂ ಹರಡಿದ್ರೆ ಬಲವೇ ಹೋಗುತ್ತೆ. ಭುಜದ ಮೇಲೆ ಗುಳ್ಳೆ ಎದ್ದವರಿಗೆ ಕೈ ಎತ್ತಿ ತಲೆ ಬಾಚೋಕಾಗಲ್ಲ. ಹೊಟ್ಟೆಯ ಒಂದು ಪಕ್ಕ ಉಬ್ಬಿ ಹರ್ನಿಯಾ ಥರ ಕಾಣೋದೂ ಉಂಟು. ಎಷ್ಟೋ ಜನರಿಗೆ ತಿಂಗಳುಗಳ ಮೇಲೆ ಬಲ ವಾಪಸ್ ಬರುತ್ತೆ, ಎಲ್ಲರಿಗೂ ಪೂರ್ತಿಯಾಗಿ ಅಲ್ಲ.

2022ರ ಜೂನ್‌ನಲ್ಲಿ ಜಸ್ಟಿನ್ ಬೀಬರ್ ಹಾಕಿದ ವಿಡಿಯೋ ನೆನಪಿದ್ಯಾ? ಒಂದು ಕಣ್ಣು ಮಿಟುಕ್ತಿಲ್ಲ, ಅರ್ಧ ಮುಖ ನಗ್ತಿಲ್ಲ. ರಾಮ್ಸೆ ಹಂಟ್ ಸಿಂಡ್ರೋಮ್, ಇದೇ ವೈರಸ್ ಮುಖದ ನರಕ್ಕೆ ತಗುಲಿದ್ದು. ಆಗ ಅವನ ವಯಸ್ಸು 28. "ಮುದುಕರ ಕಾಯಿಲೆ" ಅಂತ ಸ್ಕ್ರೋಲ್ ಮಾಡೋಕೆ ಹೊರಟವರು ಸ್ವಲ್ಪ ನಿಲ್ಲಿ.

ನನ್ನ ತಕರಾರು ಇಷ್ಟೇ. ಅಸೈಕ್ಲೋವಿರ್‌ನಂಥ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದ್ರೆ ಒಳ್ಳೇದು. ಆ 3 ದಿನ ನಮ್ಮ ಮನೆಗಳಲ್ಲಿ ಹೇಗೆ ಕಳೆಯುತ್ತೆ ಗೊತ್ತಲ್ಲ: ಮೊದಲ ದಿನ "ಉಷ್ಣ ಆಗಿದೆ", ಎರಡನೇ ದಿನ ಕೆಮ್ಮಣ್ಣು, ಮೂರನೇ ದಿನ ಪಕ್ಕದೂರಿನ ಮಂತ್ರ ಹಾಕೋರು. ಆಮೇಲೆ ಗುಳ್ಳೆ ಒಣಗುತ್ತೆ, ಕೀರ್ತಿ ಮಂತ್ರಕ್ಕೆ. ನರದ್ದು ಯಾರ ಲೆಕ್ಕಕ್ಕೂ ಬರಲ್ಲ.

ಹಾಗಂತ ಅಜ್ಜಿ ಜೊತೆ ವಿಜ್ಞಾನದ ಜಗಳಕ್ಕೆ ನಿಲ್ಲಬೇಡಿ, ಆ ಜಗಳದಲ್ಲೇ ಇನ್ನೊಂದು ದಿನ ಹೋಗುತ್ತೆ. "ಮಂತ್ರ ಹಾಕ್ಸೋಣ ಅಜ್ಜಿ, ಮೊದ್ಲು ಮಾತ್ರೆ" ಅನ್ನಿ. ಮನೇಲಿ ಬೈಕ್ ಕೀ ಇರೋದು ನಿಮ್ಮ ಕೈಲಿ ತಾನೇ? ಒಡೆದ ಗುಳ್ಳೆ ಮೇಲೆ ಮಣ್ಣು ಮಾತ್ರ ಬೇಡ, ಕೀವಾಗಬಹುದು.

ಕಣ್ಣಿನ ಹತ್ರ ಅಥವಾ ಕಿವಿಯಲ್ಲಿ ಗುಳ್ಳೆ, ಬಾಯಿ ಸೊಟ್ಟ, ರೆಪ್ಪೆ ಮುಚ್ಚಲ್ಲ, ಕೈಕಾಲಲ್ಲಿ ಬಲವಿಲ್ಲ: ಇದರಲ್ಲಿ ಯಾವುದಿದ್ರೂ ಅವತ್ತೇ ಆಸ್ಪತ್ರೆಗೆ. ಗುಳ್ಳೆ ಮಾಯ್ದ ಮೇಲೂ ಕೆಲವು ವಾರ "ಅಜ್ಜಿ, ಎರಡೂ ಕೈ ಮೇಲೆತ್ತು ನೋಡೋಣ" ಅಂತ ಕೇಳ್ತಿರಿ. ಬಲ ಕಮ್ಮಿ ಅನ್ನಿಸಿದ್ರೆ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಬೇಕಾಗಬಹುದು.

50 ದಾಟಿದವರಿಗೆ 2 ಡೋಸಿನ ಲಸಿಕೆ ಇದೆ. ಶಿಂಗ್ರಿಕ್ಸ್ ಅಂತ, 2023ರಿಂದ ಇಲ್ಲೂ ಸಿಗುತ್ತೆ. ದುಬಾರಿ, ಸರ್ಕಾರದ ಉಚಿತ ಪಟ್ಟಿಯಲ್ಲೂ ಇಲ್ಲ. ಅದರ ಸಿಟ್ಟು ಭಾಗ 5ರಲ್ಲಿ.

ನಿಮ್ಮೂರಲ್ಲಿ ಸರ್ಪಸುತ್ತಿಗೆ ಏನು ಹಚ್ತಾರೆ? ಕಾಮೆಂಟಲ್ಲಿ ಹೇಳಿ.

#ಸರ್ಪಸುತ್ತು #ಮೊದ್ಲುಮಾತ್ರೆ