ಜೇಡಿಮಣ್ಣಿನ ಮೇಲಣ ಭರವಸೆ

1986ನೆಯ ಇಸವಿ ಜೂನ್ 20ರಂದು ಬ್ರಿಟಿಷ್ ಸರ್ಕಾರವು ಕಂಬ್ರಿಯ ಮತ್ತು ಉತ್ತರ ವೇಲ್ಸ್ ಪ್ರಾಂತಗಳ ಗುಡ್ಡಗಾಡಿನ ಕುರಿಗಳನ್ನು ಸಾಗಿಸುವುದನ್ನೂ ಮಾಂಸಕ್ಕಾಗಿ ಕಡಿಯುವುದನ್ನೂ ನಿಷೇಧಿಸಿತು. ಆ ವರ್ಷ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ಸಿಡಿದ ರಿಯಾಕ್ಟರಿನಿಂದ ಹೊರಟ ವಿಕಿರಣಶೀಲ ಸೀಸಿಯಂ ಗಾಳಿಯಲ್ಲಿ ತೇಲಿಬಂದು, ಮೇ ತಿಂಗಳ ಆದಿಯ ಮಳೆಯೊಡನೆ ಆ ಗುಡ್ಡಗಳ ಮೇಲೆ ಇಳಿದಿತ್ತು. ನಿಷೇಧವು ಮೂರು ವಾರಗಳ ಮಟ್ಟಿಗೆ ಮಾತ್ರವೆಂದು ಸಾರಲಾಯಿತು. ಮೂರು ವಾರ ಕಳೆಯಿತು. ನಿಷೇಧವು ತೊಲಗುವುದಿರಲಿ, ಅಷ್ಟರಲ್ಲಿ ಸ್ಕಾಟ್ಲೆಂಡಿಗೂ ಹಬ್ಬಿತ್ತು. ಕಡೆಯ ಕುರಿಮಂದೆಗಳಿಗೆ ಬಿಡುಗಡೆ ದೊರೆತದ್ದು 2012ರಲ್ಲಿ. ಮೂರು ವಾರವೆಲ್ಲಿ, ಇಪ್ಪತ್ತಾರು ವರ್ಷವೆಲ್ಲಿ!

ಇಂಥ ಪ್ರಮಾದವು ಹೇಗೆ ಸಂಭವಿಸಿತು? ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷವೆಂಬುದು ಆ ತಜ್ಞರಿಗೆ ತಿಳಿಯದಿರಲಿಲ್ಲ. ಅವರು ನೆಚ್ಚಿದ್ದು ಜೇಡಿಮಣ್ಣನ್ನು. ಹುಲ್ಲಿನ ಮೇಲೆ ಬಿದ್ದ ಸೀಸಿಯಂ ತೊಳೆದು ಮಣ್ಣಿಗಿಳಿಯುವುದು, ಅಲ್ಲಿ ಜೇಡಿಯು ಅದನ್ನು ಬಂಧಿಸುವುದು, ಬೇರಿಗೆ ಅದು ಮತ್ತೆ ಸಿಕ್ಕದು, ಕುರಿಯ ಮೈಸೇರಿದ್ದೂ ಕೆಲವು ವಾರಗಳಲ್ಲಿ ವಿಸರ್ಜನೆಗೊಳ್ಳುವುದು - ಇದು ಅವರ ಎಣಿಕೆ. ತಗ್ಗುನಾಡಿನ ಜೇಡಿಯ ಹೊಲಗಳ ಮಟ್ಟಿಗೆ ಈ ಎಣಿಕೆ ಸರಿಯೇ.

ಜೇಡಿಯ ಹಿಡಿತವೆಂದರೆ ಸ್ಪಂಜು ನೀರನ್ನು ಹೀರಿದಂತಲ್ಲ. ಜೇಡಿಯ ಒಂದೊಂದು ಕಣವೂ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದ ಅತಿ ತೆಳುವಾದ ಹಾಳೆಗಳ ಕಟ್ಟು. ಇಲ್ಲೈಟ್ ಎಂಬ ಜೇಡಿಯ ಹಾಳೆಗಳಲ್ಲಿ ಅಲ್ಲಲ್ಲಿ ಸಿಲಿಕಾನಿನ ಸ್ಥಾನವನ್ನು ಅಲ್ಯೂಮಿನಿಯಂ ಆಕ್ರಮಿಸಿರುವುದರಿಂದ ಅವುಗಳಿಗೆ ಋಣ ವಿದ್ಯುದಂಶವುಂಟು. ಅದನ್ನು ಸರಿತೂಗಿಸಲು ಪೊಟ್ಯಾಸಿಯಮಿನ ಧನ ಅಯಾನುಗಳು ಹಾಳೆಗಳ ನಡುವೆ ನೆಲೆಸಿರುತ್ತವೆ. ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾದ ಕಣದ ಅಂಚಿನಲ್ಲಿ ಪೊಟ್ಯಾಸಿಯಂ ಕಳೆದುಹೋಗಿ, ಹಾಳೆಗಳು ಹಳೆಯ ಪುಸ್ತಕದ ಪುಟಗಳಂತೆ ತುಸು ಬಿಚ್ಚಿಕೊಂಡಿರುತ್ತವೆ. ಸೀಸಿಯಂ ಅಯಾನು ಗಾತ್ರದಲ್ಲಿ ದೊಡ್ಡದು. ತನ್ನನ್ನು ಮುತ್ತಿರುವ ನೀರಿನ ಅಣುಗಳನ್ನು ಅದು ಸುಲಭವಾಗಿ ಕಳಚಿಕೊಂಡು ಆ ಸಂದಿಯೊಳಕ್ಕೆ ನುಗ್ಗಿ ಕೂರುತ್ತದೆ. ಹಾಳೆಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಕಣದ ಒಟ್ಟು ಧಾರಣಶಕ್ತಿಯಲ್ಲಿ ಇಂಥ ಅಂಚುಗಳದು ಅತ್ಯಲ್ಪ ಪಾಲು. ಆದರೆ ಬೀಳುವ ಸೀಸಿಯಮಿನ ತೂಕವೂ ಅತ್ಯಲ್ಪವಾದುದರಿಂದ ಅಷ್ಟೇ ಸಾಕಾಗುತ್ತದೆ. ಜಪಾನಿನ ಫುಕುಶಿಮಾದಲ್ಲಿ 2011ರ ದುರಂತದ ಅನಂತರ ಸೀಸಿಯಮಿನ ಬಹುಭಾಗವು ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರುಗಳಲ್ಲಿ ನಿಂತದ್ದೂ, ಆ ಪದರವನ್ನು ಕೆತ್ತಿ ತೆಗೆಯುವುದು ಸಾಧ್ಯವಾದದ್ದೂ ಈ ಹಿಡಿತದಿಂದಲೇ.

ಕಂಬ್ರಿಯದ ಗುಡ್ಡಗಳ ಮೇಲಿನದು ಬೇರೆಯೇ ಮಣ್ಣು. ಅರೆಕೊಳೆತ ಸಸ್ಯಗಳು ಸಾವಿರಾರು ವರ್ಷಗಳಿಂದ ಶೇಖರವಾಗಿ ಆದ, ಪೀಟ್ ಎಂದು ಕರೆಯಲಾಗುವ ಕಪ್ಪು ಜೌಗುಮಣ್ಣು ಅದು. ಅಲ್ಲಿ ಜೇಡಿ ವಿರಳ, ಆಮ್ಲಗುಣ ಅಧಿಕ, ಪೊಟ್ಯಾಸಿಯಂ ಸ್ವಲ್ಪ. ಸಸ್ಯಾಂಶವು ಸೀಸಿಯಮನ್ನು ಸಡಿಲವಾಗಿ ಹಿಡಿದು ಮತ್ತೆ ಬಿಟ್ಟುಕೊಡುತ್ತದೆ. ಪೊಟ್ಯಾಸಿಯಮಿಗೆ ಹಸಿದ ಬೇರು ಅದರ ಸಜಾತೀಯವಾದ ಸೀಸಿಯಮನ್ನೇ ಹೀರುತ್ತದೆ. ಹುಲ್ಲಿನಿಂದ ಕುರಿಗೆ, ಕುರಿಯ ಹಿಕ್ಕೆಯಿಂದ ಮರಳಿ ಮಣ್ಣಿಗೆ - ಹೀಗೆ ಅದು ಸುತ್ತುತ್ತಲೇ ಇತ್ತು.

ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಗುಡ್ಡದ ಹುಲ್ಲಿನ ಮೇಲೆ ಬೆಂಟೊನೈಟ್ ಎಂಬ ಜೇಡಿಯನ್ನು ಎರಚಿ, ಕುರಿಗಳನ್ನು ಬೇಲಿಯೊಳಗೆ ಕೂಡಿ ಪರೀಕ್ಷಿಸಲಾಯಿತು. ಬಯಲಿನಲ್ಲಿ ಸ್ವೇಚ್ಛೆಯಾಗಿ ಮೇಯುವ ಕುರಿಗಳು ಬೇಲಿಯೊಳಗೆ ಸೊರಗುತ್ತವೆಂದು ಕುರಿಗಾರರು ಹೇಳಿದರು. ಅವರ ಮಾತಿಗೆ ಬೆಲೆ ಬರಲಿಲ್ಲ. ಪ್ರಯೋಗವನ್ನು ಕಡೆಗೆ ಸದ್ದಿಲ್ಲದೆ ಕೈಬಿಡಲಾಯಿತು. ಸಮಾಜಶಾಸ್ತ್ರಜ್ಞ ಬ್ರಯನ್ ವಿನ್ ಅವರು ಇದನ್ನೆಲ್ಲ ದಾಖಲಿಸಿದ್ದಾರೆ. ಆ ಕುರಿಗಾರರಿಗೆ ಪರಮಾಣುವಿನ ವಿಷಯ ತಿಳಿಯದಿದ್ದಿರಬಹುದು. ಯಾವ ಗುಡ್ಡದ ಹುಲ್ಲು ಎಂಥದೆಂಬುದು ತಿಳಿದಿತ್ತು. ಕೇಳಬೇಕಾಗಿದ್ದುದು ಅದನ್ನೇ.

ಅರ್ಧಾಯುವಿನ ಒಂದು ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠವನ್ನು ಮುಗಿಸುವ ನಮ್ಮಂಥ ಭೌತವಿಜ್ಞಾನದ ಉಪಾಧ್ಯಾಯರೂ ಈ ಬಗೆಯ ತಪ್ಪಿಗೆ ಸ್ವಲ್ಪಮಟ್ಟಿಗೆ ಹೊಣೆ. ಅರ್ಧಾಯು ಪರಮಾಣು ಬೀಜದ ಗುಣ. ವಿಷವು ಆಹಾರದಲ್ಲಿ ಎಷ್ಟು ಕಾಲ ಉಳಿಯುತ್ತದೆಂಬುದನ್ನು ನಿರ್ಣಯಿಸುವುದರಲ್ಲಿ ಮಣ್ಣಿಗೂ ಅಷ್ಟೇ ಅಧಿಕಾರವುಂಟು.

ಜೇಡಿಯು ಎಲ್ಲವನ್ನೂ ಹಿಡಿಯುವುದೂ ಇಲ್ಲ. ಸ್ಟ್ರಾನ್ಷಿಯಂ ತನ್ನ ನೀರಿನ ಕವಚವನ್ನು ಬಿಡದು. ಆದುದರಿಂದ ಜೇಡಿಗೆ ಸಡಿಲವಾಗಿ ಅಂಟಿ, ಕ್ಯಾಲ್ಸಿಯಂ ಬಂದರೆ ಜಾಗ ಬಿಟ್ಟು ಹೊರಡುತ್ತದೆ. ಅಯೊಡಿನ್ ಮತ್ತು ಟೆಕ್ನೀಷಿಯಂ ಸಾಮಾನ್ಯವಾಗಿ ಋಣ ಅಯಾನುಗಳಾಗಿ ಅಂತರ್ಜಲದಲ್ಲಿ ಚಲಿಸುವುದರಿಂದ, ಋಣಾವಿಷ್ಟವಾದ ಜೇಡಿಯು ಅವನ್ನು ಹತ್ತಿರಕ್ಕೇ ಸೇರಿಸದು. ಫಿನ್ಲೆಂಡಿನಲ್ಲಿ ಬಂಡೆಯೊಳಗೆ ತೋಡಿರುವ ಭಂಡಾರದ ಯೋಜನೆಯಲ್ಲಿ ಬೆಂಟೊನೈಟಿನ ಜೊತೆಗೆ ತಾಮ್ರದ ಪೆಟ್ಟಿಗೆಯನ್ನೂ ಇರಿಸಿರುವುದು ಸುಮ್ಮನೆ ಅಲ್ಲ.

'ಮಣ್ಣು ಹಿಡಿದುಕೊಳ್ಳುತ್ತದೆ' ಎಂಬ ಸಾಂತ್ವನವನ್ನು ಕೇಳಿದಾಗ ಯಾವ ಮಣ್ಣು, ಯಾವ ಧಾತುವನ್ನು ಎಂದು ಪ್ರಶ್ನಿಸುವ ಹಕ್ಕು ಜನರಿಗಿದೆ. ಉತ್ತರಿಸುವ ಕರ್ತವ್ಯ ತಜ್ಞರದು. ನಮ್ಮ ರಾಜ್ಯದಲ್ಲಿಯೂ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರವಿದೆ. ಬಿಸಿಲಿಗೆ ಬಿರಿದು ಮಳೆಗೆ ಉಬ್ಬುವ ಬಯಲುಸೀಮೆಯ ಎರೆಮಣ್ಣಿನ ಜೇಡಿ ಒಂದು ಜಾತಿ; ಹೆಚ್ಚು ಮಳೆಯಲ್ಲಿ ತೊಳೆದು ಉಳಿದ ಮುರಕಲ್ಲು ಮಣ್ಣಿನ ಮುಖ್ಯ ಜೇಡಿಯಾದ ಕೆಯೊಲಿನೈಟ್ ಮತ್ತೊಂದು ಜಾತಿ. ಕೆಯೊಲಿನೈಟಿನ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಕೂಡಿದ್ದು, ಸೀಸಿಯಮಿಗೆ ಸಂದಿಯನ್ನು ಕೊಡುವುದು ಬಹು ಕಡಿಮೆ. ಒಂದರಲ್ಲಿ ಅಳೆದ ಅಂಕಿಯನ್ನು ಇನ್ನೊಂದಕ್ಕೆ ಹಚ್ಚುವುದು ಸಲ್ಲದು. ಸ್ಥಾವರದ ಸುತ್ತಣ ಗದ್ದೆ, ತೋಟ, ಕಾಡುಗಳ ಮಣ್ಣಿನಲ್ಲಿ ಯಾವ ಜೇಡಿ ಎಷ್ಟಿದೆ, ಅದು ಯಾವುದನ್ನು ಎಷ್ಟು ಬಿಗಿಯಾಗಿ ಹಿಡಿಯಬಲ್ಲುದೆಂಬ ವಿವರಗಳು ಆ ಊರುಗಳ ಪಂಚಾಯತಿಗಳಲ್ಲಿ ಕನ್ನಡದಲ್ಲಿ ಓದಲು ಸಿಕ್ಕಬೇಕೆಂದು ನಾವು ಬಯಸುತ್ತೇವೆ.