ಗಣಕದ ಪರದೆಯೂ ಕಣ್ಣಿನ ದುಡಿಮೆಯೂ

ಸೀರೆಯ ಒಡಲಿನ ಹಾಸಿಗೆ ಸೆರಗಿನ ಎಳೆಗಳನ್ನು ಕೊಂಡಿಹಾಕಿ ಕೂಡಿಸುವ ಇಳಕಲ್ಲಿನ ನೇಕಾರರಿಗೂ, ಬಾಗಲಕೋಟೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ವಿದ್ಯಾರ್ಥಿಗೂ ಒಂದು ಸಾಮ್ಯವುಂಟು: ಇಬ್ಬರ ದೃಷ್ಟಿಯೂ ಗಂಟೆಗಟ್ಟಲೆ ಹತ್ತಿರದಲ್ಲೇ ನೆಟ್ಟಿರುತ್ತದೆ.

ಈ ದುಡಿಮೆಯನ್ನು ಅಳೆಯಬಹುದು. ದೂರ ನೋಡುವಾಗ ಕಣ್ಣಿನೊಳಗಿನ ಸ್ನಾಯು ಸಡಿಲವಾಗಿರುತ್ತದೆ. ಹತ್ತಿರ ನೋಡಲು ಅದು ಸಂಕುಚಿಸಿ ಮಸೂರವನ್ನು ಉಬ್ಬಿಸಬೇಕು. ಅರ್ಧ ಮೀಟರಿನ ಪರದೆಗೆ 2 ಡಯಾಪ್ಟರ್, 25 ಸೆಂಟಿಮೀಟರಿನ ಮೊಬೈಲಿಗೆ 4 ಡಯಾಪ್ಟರ್ ಹೆಚ್ಚಿನ ಶಕ್ತಿ ಬೇಕು. 6 ಮೀಟರಿನಾಚೆ ಅದು 0.17ಕ್ಕಿಂತಲೂ ಕಡಿಮೆ. ಇದಲ್ಲದೆ, ಪರದೆಯನ್ನು ನೋಡುವಾಗ ನಾವು ಎವೆಯಿಕ್ಕುವುದು ಕಡಿಮೆಯಾಗುತ್ತದೆ. ನಮ್ಮ ಸೀಮೆಯ ಒಣ ಬೇಸಗೆಯಲ್ಲಿ, ಅದರಲ್ಲೂ ಫ್ಯಾನಿನ ಗಾಳಿಗೆ, ಕಣ್ಣೀರಿನ ತೆಳುಪೊರೆ ಬೇಗನೆ ಆರಿ ಕಣ್ಣು ಉರಿಯುತ್ತದೆ.

ಇದಕ್ಕೆ ಮದ್ದೆಂದು ನೀಲಿ ಬೆಳಕನ್ನು ಸೋಸುವ ಕನ್ನಡಕಗಳು ಮಾರಾಟವಾಗುತ್ತಿವೆ. 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ಸಮೀಕ್ಷೆಗೆ, ಅವುಗಳಿಂದ ಅಲ್ಪಾವಧಿಯಲ್ಲಿ ಆಯಾಸ ತಗ್ಗುವಂತೆ ತೋರಲಿಲ್ಲ. ಹಾಗಿರಲು, ವಿದ್ಯಾರ್ಥಿಗಳು ಅದಕ್ಕೆ ಹಣ ತೆರಬೇಕಿಲ್ಲವೆಂದೇ ನಮ್ಮ ಮತ.

20 ನಿಮಿಷಕ್ಕೊಮ್ಮೆ, 20 ಸೆಕೆಂಡು, 20 ಅಡಿಗಿಂತ ದೂರ ನೋಡಿರಿ, ಬೇಕೆಂದೇ ಎವೆಯಿಕ್ಕಿರಿ, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿಡಿರಿ, ಫ್ಯಾನಿನ ಗಾಳಿ ಮುಖಕ್ಕೆ ಬಡಿಯದಿರಲಿ. ಬಾದಾಮಿಯವರಿಗೆ ನೋಡಲು ಕೆಂಬಂಡೆಯ ಬೆಟ್ಟವಿದೆ, ಹುನಗುಂದದವರಿಗೆ ಎರೆಹೊಲದ ದಿಗಂತವಿದೆ. ತಲೆನೋವು, ಮಸುಕು ಬಿಡದಿದ್ದರೆ ಮಾತ್ರ ನೇತ್ರವೈದ್ಯರ ಪರೀಕ್ಷೆ ಅವಶ್ಯ. ದೃಷ್ಟಿದೋಷವಿದ್ದರೆ ತಕ್ಕ ಕನ್ನಡಕವೇ ಬೇಕು.

ಆದರೆ ಎರಡು ಗಂಟೆ ಎಡೆಬಿಡದೆ ಪ್ರಯೋಗಶಾಲೆಯಲ್ಲಿ ಕೂರಿಸಿದರೆ ಈ ಉಪದೇಶ ನಿಷ್ಫಲ. ನಡುವೆ ಬಿಡುವಿನ ಗಂಟೆ ಬಾರಿಸುವುದು ಕಾಲೇಜುಗಳ ಕರ್ತವ್ಯ. ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ.