ಅರ್ಬುದದೊಳಗಿನ ಸಾವನ್ನು ಕಾಣುವ ಬಗೆ

ನಿಪ್ಪಾಣಿ, ಚಿಕ್ಕೋಡಿಗಳ ತಂಬಾಕು ಬೆಳೆದವನಿಗೆ ಹಣವನ್ನು ಕೊಡುವುದೆಷ್ಟು ನಿಜವೋ, ತಿಂದವನ ಬಾಯಿಗೆ ಕ್ಯಾನ್ಸರ್ ರೋಗವನ್ನು ತರುವುದೂ ಅಷ್ಟೇ ನಿಜ. ಅಥಣಿ, ಕಾಗವಾಡ, ರಾಯಬಾಗ ಸೀಮೆಯ ರೋಗಿಗಳು ಶೇಡಬಾಳದಲ್ಲಿಯೋ ಕುಡಚಿಯಲ್ಲಿಯೋ ಗಾಡಿ ಹತ್ತಿ ಮಿರಜಿಗೆ ಹೋಗುವುದೂ, ಅಲ್ಲಿಂದ ಕೆಲವರು ಮುಂಬಯಿಯ ಟಾಟಾ ಆಸ್ಪತ್ರೆಯ ಬಾಗಿಲಿಗೆ ನಿಲ್ಲುವುದೂ ವಾಚಕರು ಬಲ್ಲ ಸಂಗತಿಯೇ. ಔಷಧೋಪಚಾರವು ಆರಂಭವಾದ ಮೇಲೆ ಮನೆಯವರು ಕೇಳುವ ಪ್ರಶ್ನೆ ಒಂದೇ: ಮದ್ದು ನಾಟಿತೇ, ಇಲ್ಲವೇ? ಇದಕ್ಕೆ ಉತ್ತರ ದೊರೆಯಲು ಇಂದಿಗೂ ಅನೇಕ ವಾರಗಳು ಬೇಕು. ಗಂಟು ಕುಗ್ಗಿತೋ ಇಲ್ಲವೋ ಎಂದು ಅಳೆದು ನೋಡುವುದೇ ಮುಖ್ಯ ಪದ್ಧತಿಯಾಗಿದೆ. ಮದ್ದು ನಾಟದಿದ್ದ ಪಕ್ಷದಲ್ಲಿ ಆ ವಾರಗಳೂ ಹೋದವು, ಅದಕ್ಕಾಗಿ ಮಾರಿದ ಹೊಲವೂ ಹೋಯಿತು.

ಆದರೆ ಗಂಟು ಕುಗ್ಗುವುದಕ್ಕೆ ಬಹಳ ಮೊದಲೇ ಅದರೊಳಗಿನ ಜೀವಕೋಶಗಳು ಸಾಯತೊಡಗುತ್ತವೆ. ಕೋಶವು ಕ್ರಮಬದ್ಧವಾಗಿ ತನ್ನನ್ನು ತಾನೇ ಅಳಿಸಿಕೊಳ್ಳುವ ಈ ಬಗೆಗೆ ಕೆರ್, ವೈಲಿ, ಕರಿ ಎಂಬ ಮೂವರು ವಿದ್ವಾಂಸರು 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ ಭಾಷೆಯಲ್ಲಿ ಅದು ಮರದ ಎಲೆ ಉದುರುವುದನ್ನು ಹೇಳುವ ಮಾತು. ಬದುಕಿರುವ ಕೋಶದ ಪೊರೆಯ ಒಳಮಗ್ಗುಲಲ್ಲಿ ಫಾಸ್ಫಟೈಡಿಲ್ ಸೆರೀನ್ ಎಂಬ ಕೊಬ್ಬಿನ ಜಾತಿಯ ವಸ್ತು ಅಡಗಿರುತ್ತದೆ. ಕೋಶವು ಸಾಯತೊಡಗಿದೊಡನೆ ಅದು ಹೊರಮಗ್ಗುಲಿಗೆ ಬರುತ್ತದೆ. ಅನೆಕ್ಸಿನ್ ಎಂಬ ಪ್ರೋಟೀನು ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಈ ಅನೆಕ್ಸಿನಿಗೆ ಟೆಕ್ನೀಷಿಯಂ ಎಂಬ ಕಿರಣಸೂಸುವ ಧಾತುವನ್ನು ಕಟ್ಟಿ ರಕ್ತದಲ್ಲಿ ಬಿಟ್ಟರೆ, ಸಾವು ನಡೆದಿರುವ ತಾಣವನ್ನು ಹೊರಗಿನ ಕ್ಯಾಮರಾ ಗುರುತಿಸಬಲ್ಲದು. ಪ್ರಾಣಿಗಳಲ್ಲಿ ಇದನ್ನು 1998ರಲ್ಲಿ ಮಾಡಿ ತೋರಿಸಲಾಯಿತು. ತರುವಾಯ ಯುರೋಪಿನಲ್ಲಿ ತಲೆ ಮತ್ತು ಕುತ್ತಿಗೆಯ ಅರ್ಬುದವುಳ್ಳ ರೋಗಿಗಳಲ್ಲಿಯೂ ಪರೀಕ್ಷೆ ನಡೆಯಿತು.

ಪೆಟ್ ಯಂತ್ರವು ಇದ್ದೇ ಇದೆಯಲ್ಲ ಎಂದು ಕೆಲವರು ಕೇಳಿಯಾರು. ಇದ್ದುದು ಸರಿ, ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಕ್ಕರೆಯ ದ್ರವ್ಯವು ಕೋಶದ ಹಸಿವನ್ನು ತೋರಿಸುತ್ತದೆಯೇ ಹೊರತು ಸಾವನ್ನಲ್ಲ. ಕಿರಣಚಿಕಿತ್ಸೆಯಿಂದ ಬೆಂದು ಉರಿಯೆದ್ದ ಮಾಂಸವೂ ಸಕ್ಕರೆಯನ್ನು ತಿನ್ನುತ್ತದೆ. ಅದಕ್ಕಾಗಿಯೇ ಚಿಕಿತ್ಸೆ ಮುಗಿದ ಮೇಲೆ ಸುಮಾರು 12 ವಾರ ಕಾಯುವ ರೂಢಿ. ಮೇಲಾಗಿ, ಆ ದ್ರವ್ಯದಲ್ಲಿಯ ಫ್ಲೋರಿನ್ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ; ಸೈಕ್ಲೋಟ್ರಾನ್ ಯಂತ್ರದಿಂದ ದೂರವಿರುವ ಊರಿಗೆ ಅದನ್ನು ಮುಟ್ಟಿಸುವುದೇ ಒಂದು ಸಾಹಸ. ಟೆಕ್ನೀಷಿಯಮ್ಮಿನ ಮಾತು ಬೇರೆ. ಸುಮಾರು 66 ಗಂಟೆಗೆ ಅರ್ಧವಾಗುವ ಮಾಲಿಬ್ಡಿನಮ್ಮನ್ನು ಒಂದು ಸೀಸದ ಪೆಟ್ಟಿಗೆಯಲ್ಲಿ ತರಿಸಿಟ್ಟರೆ, ಅದರಿಂದ ಒಂದು ವಾರದ ತನಕ ದಿನವೂ ಟೆಕ್ನೀಷಿಯಮ್ಮನ್ನು ಇಳಿಸಿಕೊಳ್ಳಬಹುದು. ಆ ಕೆಲಸದವರು ಪೆಟ್ಟಿಗೆಯನ್ನು ಹಸು ಎಂದೂ, ಇಳಿಸುವುದನ್ನು ಹಾಲು ಕರೆಯುವುದೆಂದೂ ಹೇಳುವುದುಂಟು. ನಮ್ಮ ಹಳ್ಳಿಗರಿಗೆ ಇದಕ್ಕಿಂತ ಸುಲಭವಾದ ವಿವರಣೆ ಬೇಕಾಗಿಲ್ಲ. ಕಿರಣವೆಂದೊಡನೆ ಬೆದರುವವರು ಇಷ್ಟನ್ನು ತಿಳಿಯಲಿ: ಟೆಕ್ನೀಷಿಯಂ 6 ಗಂಟೆಗೆ ಅರ್ಧವಾಗುತ್ತದೆ, ಮರುದಿನ ಅದೇ ಹೊತ್ತಿಗೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು, ಹಳೆಯ ಲೆಕ್ಕದ ರೂಪಾಯಿಯಲ್ಲಿ ಒಂದಾಣೆ.

ಈ ವಿಧಾನದ ದೋಷಗಳನ್ನು ನಾವು ಮರೆಮಾಚುವುದಿಲ್ಲ. ಅನೆಕ್ಸಿನು ಮೂತ್ರಪಿಂಡ, ಯಕೃತ್ತುಗಳಲ್ಲಿ ರಾಶಿಯಾಗಿ ನಿಂತು ಅಕ್ಕಪಕ್ಕದ ಚಿತ್ರವನ್ನು ಕೆಡಿಸುತ್ತದೆ. ತಾನಾಗಿ ಅಳಿದ ಕೋಶಕ್ಕೂ ಪೆಟ್ಟಿನಿಂದ ಒಡೆದ ಕೋಶಕ್ಕೂ ಅದು ಭೇದವೆಣಿಸದು. ಚಿತ್ರವನ್ನು ಯಾವ ದಿನ ತೆಗೆಯಬೇಕೆಂಬುದೂ ಗಟ್ಟಿಯಾಗಿ ನಿರ್ಧಾರವಾಗಿಲ್ಲ. ಆದುದರಿಂದಲೇ ಅದು ಇನ್ನೂ ನಿತ್ಯದ ಬಳಕೆಗೆ ಬಂದಿಲ್ಲ. ಆದರೆ ಬಾಯಿಯ ಅರ್ಬುದವು ಯಕೃತ್ತು, ಮೂತ್ರಪಿಂಡಗಳಿಂದ ದೂರ, ಚರ್ಮಕ್ಕೆ ಸಮೀಪ. ಲಾಲಾಗ್ರಂಥಿಗಳ ತೊಡಕನ್ನು ಬಿಟ್ಟರೆ, ಈ ಪರೀಕ್ಷೆಗೆ ಇದಕ್ಕಿಂತ ಅನುಕೂಲವಾದ ರೋಗವು ಸಿಕ್ಕುವುದು ಅಪರೂಪ. ಪಾಶ್ಚಾತ್ಯರಿಗೆ ಈ ರೋಗದಲ್ಲಿ ನಮಗಿರುವಷ್ಟು ಆತುರವಿಲ್ಲ. ಅವರು ಮುಗಿಸಿ ಕೊಡಲೆಂದು ನಾವು ಕಾಯುತ್ತ ಕೂಡ್ರುವುದು ವಿವೇಕವಲ್ಲ.

ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ಇಂಥ ದ್ರವ್ಯಗಳನ್ನು ಸಿದ್ಧಪಡಿಸಬಲ್ಲ ರಸಾಯನಜ್ಞರಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ಕ್ಯಾನ್ಸರ್ ರೋಗಿಗಳನ್ನು ಉಪಚರಿಸುತ್ತ ಬಂದಿದೆ. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಈ ಮೂವರನ್ನು ಒಂದು ಮೇಜಿನ ಸುತ್ತ ಕೂಡ್ರಿಸುವ ಕೆಲಸ ಸರಕಾರದ್ದು. ತಂಬಾಕಿನ ಮೇಲಿನ ಕರದಿಂದ ಬೊಕ್ಕಸಕ್ಕೆ ಬರುವ ಹಣದಲ್ಲಿ ಒಂದು ಅಲ್ಪ ಪಾಲನ್ನು ಬಾಯಿಯ ಕ್ಯಾನ್ಸರಿನ ಇಂಥ ಪರೀಕ್ಷೆಗೆ ತೆಗೆದಿಡಬೇಕೆಂದೂ, ಅದರಲ್ಲಿ ಚಿಕ್ಕೋಡಿ ಭಾಗದ ರೋಗಿಗಳಿಗೆ ಹೋಗಿಬರುವ ವೆಚ್ಚವನ್ನು ಕೊಡಬೇಕೆಂದೂ ನಮ್ಮ ಭಾಗದ ಶಾಸಕರು ಮುಂದಿನ ಅಧಿವೇಶನದಲ್ಲಿ ಕೇಳಲಿ.